ಅಳಿಯ ಕಪ್ಪಗಿದ್ದರೆ?

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು ಎದ್ದು ಹೋದ ಮೇಲೆ ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು. "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಒಂಚೂರು ಕಮ್ಮಿ." ಬಣ್ಣ ಕಮ್ಮಿಯಂತೆ! ಸಾರಿಗೆ ಉಪ್ಪು ಕಮ್ಮಿ ಎಂದ ಹಾಗೆ. ವಧೂವರರ ಅಂಕಣ ತೆರೆದರೆ 'ಗೋಧಿ ಮೈಬಣ್ಣ', 'ಎಣ್ಣೆಗೆಂಪು' ಇತ್ಯಾದಿ. 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು ನಮ್ಮ ದೇಶದ ಅಂಗಡಿಗಳಿಗೆ ಬಂದದ್ದು 1975ರಲ್ಲಿ. ಆ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ ಅಂಡ್ ಲವ್ಲಿ' ಮಾಡಲು 2020 ಬರಬೇಕಾಯಿತು. ನಡುವಿನ 45 ವರ್ಷಗಳಲ್ಲಿ ಎಷ್ಟು ಹುಡುಗಿಯರು ಕನ್ನಡಿಯ ಮುಂದೆ ನಿಂತು ಅದನ್ನು ತಿಕ್ಕಿಕೊಂಡರೋ, ಲೆಕ್ಕ ಇಟ್ಟವರಿಲ್ಲ.

ನಮ್ಮದೇ ಜಾತಿಯ, ನಮ್ಮದೇ ಸೀಮೆಯ ಹುಡುಗಿಯ ವಿಷಯದಲ್ಲೇ ಇಷ್ಟೊಂದು ಅಳೆದು ತೂಗುವ ನಾವು, ಆಫ್ರಿಕಾ ಮೂಲದ ಹುಡುಗನೊಬ್ಬ ಅಳಿಯನಾಗಿ ಬರುತ್ತಾನೆ ಎಂದರೆ ಏನು ಮಾಡಿಯೇವು?

ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ಉಳವಿಯಲ್ಲಿ ಸಂಘದ ಉಳಿತಾಯದ ದುಡ್ಡು ಎಣಿಸಿ ಮುಗಿಸಿ ಹರಟುತ್ತ ಕೂತಿದ್ದಾಗ ಒಬ್ಬ ತಾಯಿ ಕೇಳಿದ್ದು. "ಅಕ್ಕಾ, ನನ್ನ ಮಗಳ ಕಾಲೇಜಲ್ಲಿ ಆಫ್ರಿಕಾದ ಹುಡುಗ್ರು ಓದ್ತಾರಂತೆ. ಬೆಂಗಳೂರಿಂದ ಬಂದಾಗೆಲ್ಲ ಅವರ ಸುದ್ದೀನೇ. ನಾಳೆ ಏನಾದ್ರೂ ಹೇಳ್ಕೊಂಡು ಬಂದ್ಲು ಅಂದ್ರೆ ನಾನೇನು ಮಾಡ್ಲಿ?" ಉಳಿದವರು ನಕ್ಕರು. ಆಕೆ ನಗಲಿಲ್ಲ. "ಬೇರೆ ಜಾತಿ ಆದ್ರೆ ಹೆಂಗೋ ಒಪ್ಪಿಸ್ಬಹುದು. ಇದನ್ನ ಇವರ ಹತ್ರ ಹೆಂಗೆ ಹೇಳೂದು?" ಎಂದರು. 'ಇವರು' ಎಂದರೆ ಯಜಮಾನರು.

ಆ ತಾಯಿಯ ಭಯವನ್ನು ನಗೆಯಲ್ಲಿ ತೇಲಿಸಿಬಿಡುವುದು ಸುಲಭ. ಸ್ವಲ್ಪ ನಿಂತು ನೋಡಿದರೆ, ಇಂಥ ಮದುವೆ ನಾವು ತಿಳಿದಷ್ಟು ಹೊಸದೂ ಅಲ್ಲ, ದೂರದ್ದೂ ಅಲ್ಲ.

ಪಕ್ಕದ ಜಿಲ್ಲೆಯಲ್ಲೇ ಆಫ್ರಿಕಾ

ಸೊರಬದಿಂದ ಬನವಾಸಿ, ಶಿರಸಿ ಮೇಲೆ ಯಲ್ಲಾಪುರದ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಸಿದ್ದಿಗಳ ಸೀಮೆ ತಲುಪಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿ ಇವರ ಮನೆಗಳಿವೆ. (ಜೋಯಿಡಾದಲ್ಲೂ ಒಂದು ಉಳವಿ ಇದೆ, ಚನ್ನಬಸವಣ್ಣನವರ ಸಮಾಧಿ ಇರುವ ಕ್ಷೇತ್ರ ಅದು. ಅಲ್ಲಿಗೆ ಹೊರಟವರು ನಮ್ಮೂರಿನ ಹೆಸರು ಕೇಳಿ ಗಲಿಬಿಲಿಯಾಗುವುದುಂಟು.) ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಕಾಡು ಸೇರಿದರು. ಮುಂದೆ ಅಡಿಕೆ ತೋಟಗಳಲ್ಲಿ ಕೂಲಿಯಾದರು.

ಇವರ ಮನೆಮಾತು ಕೊಂಕಣಿ ಬೆರೆತದ್ದು. ಕನ್ನಡ ನಮ್ಮ ಹಾಗೇ ಆಡುತ್ತಾರೆ. ಇವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮೂರು ಧರ್ಮಗಳ ಸಿದ್ದಿಗಳ ನಡುವೆ ಹೆಣ್ಣು ಕೊಟ್ಟು ತರುವುದೂ ನಡೆದುಬಂದಿದೆ. ಹಳೆಯ ಸೀರೆ, ಲುಂಗಿ, ಅಂಗಿಗಳ ತುಂಡು ಕೂಡಿಸಿ ಅಲ್ಲಿನ ಹೆಂಗಸರು ಹೊಲಿಯುವ 'ಕವಂದಿ' ನಮ್ಮ ಕೌದಿಯ ಅಕ್ಕತಂಗಿಯೇ. ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ತ್ರಿಕೋನದ ಹೂವು ಇಡುತ್ತಾರೆ, ಅದಕ್ಕೆ 'ಫುಲಾ' ಎಂದು ಹೆಸರು. ಫುಲಾ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಬರಿಮೈಯಲ್ಲಿ ನಿಂತ ಹಾಗೆ.

ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಅವರ ಜೊತೆಗಾರರೂ ಸಿದ್ದಿಗಳ ರಕ್ತ ಪರೀಕ್ಷಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿದ್ದಿಗಳಲ್ಲಿ ಆಫ್ರಿಕಾದ ಅಂಶದ ಜೊತೆಗೆ ಭಾರತೀಯರ ಅಂಶವೂ ಇದೆ, ಆ ಬೆರಕೆ ಸುಮಾರು 8 ತಲೆಮಾರಿನೊಳಗೆ, ಎಂದರೆ 200 ವರ್ಷಗಳ ಈಚೆಗೆ ಆಗಿರಬೇಕು ಎಂದು ಅದರಲ್ಲಿ ತಿಳಿದುಬಂತು. ಹಾಗಾದರೆ ಕಪ್ಪು ಆಫ್ರಿಕಾಕ್ಕೂ ನಮಗೂ ನೆಂಟಸ್ತನ ಆಗಿಯೇ ಇದೆ! ಆದರೆ ಆ ನೆಂಟಸ್ತನದಲ್ಲಿ ಎಷ್ಟು ತಾಳಿ ಕಟ್ಟಿ ಆದದ್ದು, ಎಷ್ಟು ಒಡೆಯನ ದಬ್ಬಾಳಿಕೆಯಿಂದ ಆದದ್ದು ಎಂದು ರಕ್ತ ಹೇಳುವುದಿಲ್ಲ. ಹುಟ್ಟಿದ ಮಕ್ಕಳು ಸಿದ್ದಿಗಳಾಗಿಯೇ ಬೆಳೆದರು ಎಂಬುದಷ್ಟೇ ಗೊತ್ತು. ಗಂಡು ಬೇರೆ ಜಾತಿಯವನಾದರೂ ಮಗು ಸಿದ್ದಿ, ಹೆಣ್ಣು ಬೇರೆ ಜಾತಿಯವಳಾದರೂ ಮಗು ಸಿದ್ದಿ. ಬಾಗಿಲು ಒಂದೇ ಕಡೆಗೆ ತೆರೆಯುತ್ತಿತ್ತು ಎಂದು ನನಗನ್ನಿಸುತ್ತದೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ನಮ್ಮ ಶಾಸನಸಭೆಗೆ ಬಂದ ಮೊದಲಿಗರು ಅವರು. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾಗಳಲ್ಲಿ ನಟಿಸುತ್ತಾರೆ. ತೆರೆಯ ಮೇಲೆ ಕಂಡಾಗ ಚಪ್ಪಾಳೆ ಹೊಡೆಯುತ್ತೇವೆ. ಅದೇ ಮುಖದವರು ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ "ನಿಮ್ದು ಯಾವ ದೇಶ?" ಎಂದು ಕೇಳುತ್ತೇವೆ. ನಾನೂರು ವರ್ಷದ ಒಕ್ಕಲಿಗೆ ಈ ಪ್ರಶ್ನೆ!

ಅರಮನೆಯಲ್ಲೂ ಸವತಿಯ ಮಾತು

ಬಡವರ ಪಾಡು ಹೀಗಾಯಿತು, ಅಧಿಕಾರ ಇದ್ದವರ ಕಥೆ ಬೇರೆಯೇನೋ ಎಂದುಕೊಂಡರೆ ಅದೂ ಅಲ್ಲ. ದಖ್ಖನಿನ ಚರಿತ್ರೆಯಲ್ಲಿ ಮಲಿಕ್ ಅಂಬರ್ ದೊಡ್ಡ ಹೆಸರು. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಅಹಮದ್‌ನಗರಕ್ಕೆ ಬಂದವನು; ನಡುವೆ ಕೆಲಕಾಲ ನಮ್ಮ ಬಿಜಾಪುರದ ಆದಿಲ್‌ಶಾಹಿಗಳ ಬಳಿಯೂ ಚಾಕರಿ ಮಾಡಿದ. ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ದಂಡನಾಯಕ. 1600ರಲ್ಲಿ ಎರಡನೆಯ ಮುರ್ತಜಾ ನಿಜಾಮ್ ಶಾಹನನ್ನು ಸಿಂಹಾಸನದ ಮೇಲೆ ಕೂರಿಸಿ, ತನ್ನ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟ. ಸುಲ್ತಾನನಿಗೇ ಮಾವ!

ಅಷ್ಟಾದರೂ ಮಗಳಿಗೆ ಸುಖವಿತ್ತೇ? ಸುಲ್ತಾನನ ಹಿರಿಯ ಹೆಂಡತಿ ಪರ್ಷಿಯಾ ಮೂಲದ ಬಿಳಿಯ ಹೆಣ್ಣು. ಒಂದು ದಿನ ಜಗಳದಲ್ಲಿ ಅವಳು ಅಂಬರನ ಮಗಳನ್ನು ಕರಿಯ ಗುಲಾಮಳೆಂದು ಹೀಗಳೆದಳು, ತಂದೆಯನ್ನೂ ಜರಿದಳು. ಅಂಬರ್ ಸುಲ್ತಾನನಿಗೂ ಆ ರಾಣಿಗೂ ವಿಷ ಹಾಕಿಸಿದ. ಇದು 1610ರ ಸಂಗತಿ. ಆ ಕಾಲದಲ್ಲಿ ದಖ್ಖನಿಗೆ ಬಂದಿದ್ದ ಪೀಟರ್ ವಾನ್ ಡೆನ್ ಬ್ರೂಕೆ ಎಂಬ ಡಚ್ ವ್ಯಾಪಾರಿ ಬರೆದಿಟ್ಟದ್ದರಿಂದ ನಮಗೆ ತಿಳಿದಿದೆ. ವಿಷ ಹಾಕಿದ್ದನ್ನು ಯಾರೂ ಮೆಚ್ಚಬೇಕಿಲ್ಲ. ನನಗೆ ಅಚ್ಚರಿಯೆನಿಸುವುದು ಆ ಜಗಳದ ಮಾತು. ನಾನೂರು ವರ್ಷಗಳ ಹಿಂದೆ ಅಂತಃಪುರದಲ್ಲಿ ಆಡಿದ ಮಾತಿಗೂ ಇವತ್ತು ಅಡಿಗೆಮನೆಯಲ್ಲಿ ಓರಗಿತ್ತಿಯನ್ನು "ಕರಿಕಿ" ಎಂದು ಹಂಗಿಸುವುದಕ್ಕೂ ಏನು ಅಂತರ?

ಶ್ಯಾಮಲಾ ಎಂಬ ಗೃಹವಿಜ್ಞಾನದ ಹುಡುಗಿ

ಹಳೆಯ ಕಥೆ ಬಿಡಿ, ನಮ್ಮ ತಾಯಂದಿರ ಕಾಲಕ್ಕೆ ಬರೋಣ. 1938ರಲ್ಲಿ ಮದರಾಸಿನಲ್ಲಿ ಹುಟ್ಟಿದ ಶ್ಯಾಮಲಾ ಗೋಪಾಲನ್ ಸಂಪ್ರದಾಯಸ್ಥ ತಮಿಳು ಬ್ರಾಹ್ಮಣ ಮನೆತನದ ಮಗಳು. ದೆಹಲಿಯ ಲೇಡಿ ಇರ್ವಿನ್ ಕಾಲೇಜಿನಲ್ಲಿ ಓದಿದ್ದು ಗೃಹವಿಜ್ಞಾನ. "ಹೋಂ ಸೈನ್ಸ್ ಅಂದ್ರೆ ಮದುವೆ ಆಗೋ ತನಕ ಹೊತ್ತು ಕಳೆಯೋ ಓದು" ಎನ್ನುವವರು ಇದನ್ನು ಗಮನಿಸಬೇಕು. ಆಕೆ 1958ರಲ್ಲಿ, 19ನೇ ವಯಸ್ಸಿಗೆ, ಒಬ್ಬಳೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಸಂಶೋಧನೆಗೆ ಸೇರಿದಳು. ಮುಂದೆ ಸ್ತನ ಕ್ಯಾನ್ಸರಿನ ಸಂಶೋಧನೆಯಲ್ಲಿ ಹೆಸರು ಮಾಡಿದಳು.

ಅಲ್ಲಿ ಕರಿಯರ ಹಕ್ಕಿಗಾಗಿ ಚಳವಳಿ ನಡೆಯುತ್ತಿದ್ದ ದಿನಗಳು. ಡೊನಾಲ್ಡ್ ಹ್ಯಾರಿಸ್ ಎಂಬ ಜಮೈಕಾದ ಕರಿಯ ಯುವಕ ಅರ್ಥಶಾಸ್ತ್ರ ಓದುತ್ತಿದ್ದ. 1962ರಲ್ಲಿ ಅವನು ವಿದ್ಯಾರ್ಥಿಗಳ ಒಂದು ಕೂಟದಲ್ಲಿ ಭಾಷಣ ಮಾಡಿದಾಗ ಇಬ್ಬರ ಪರಿಚಯ, 1963ರಲ್ಲಿ ಮದುವೆ. ಗಂಡು ಹುಡುಕಿ, ಜಾತಕ ನೋಡಿ, ಮುಹೂರ್ತ ಇಡುವ ಮನೆತನದಲ್ಲಿ ಮಗಳು ತಾನೇ ನಿರ್ಧರಿಸಿದ ಮದುವೆ! 'ಶ್ಯಾಮಲಾ' ಎಂದರೆ ಕಪ್ಪು ಬಣ್ಣದವಳು ಎಂದೇ ಅರ್ಥ. ನಾವು ಕೃಷ್ಣ, ಶ್ಯಾಮ, ಕಾಳಿ ಎಂದು ಕಪ್ಪನ್ನು ಪೂಜಿಸಿ, ಹೆಸರಿಟ್ಟು, ಸೊಸೆ ತರುವಾಗ ಮಾತ್ರ ಬಣ್ಣದ ಡಬ್ಬಿ ಹಿಡಿಯುತ್ತೇವೆ.

1964ರಲ್ಲಿ ಕಮಲಾ, 1967ರಲ್ಲಿ ಮಾಯಾ ಹುಟ್ಟಿದರು. ಸಂಸಾರ ನಿಲ್ಲಲಿಲ್ಲ, 1970ರ ದಶಕದ ಮೊದಲಿಗೇ ವಿಚ್ಛೇದನವಾಯಿತು. "ನೋಡಿದ್ರಾ, ಹೇಳಿರ್ಲಿಲ್ವಾ?" ಎನ್ನಲು ಕಾದವರಿಗೆ ಒಂದು ಮಾತು. ಕಮಲಾ 2019ರಲ್ಲಿ ಬರೆದ ಆತ್ಮಕಥನದಲ್ಲಿ ಬಣ್ಣವನ್ನು ದೂರಿಲ್ಲ; ಅಪ್ಪ ಅಮ್ಮ ಇನ್ನಷ್ಟು ವಯಸ್ಸಾದವರೂ ಪಕ್ವರೂ ಆಗಿದ್ದರೆ ಮದುವೆ ಉಳಿಯುತ್ತಿತ್ತೇನೋ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಒಂದೇ ಜಾತಿ, ಒಂದೇ ಗೋತ್ರದ ತಕರಾರಿಲ್ಲದ, ಹತ್ತು ಗುಣ ಕೂಡಿ ಬಂದ ಎಷ್ಟು ಮದುವೆಗಳಿಗೂ ಇದೇ ಕಾರಣ ಹೇಳಬಹುದು.

ತಾಯಿ ಶ್ಯಾಮಲಾ ಮಾಡಿದ ಒಂದು ಕೆಲಸ ನನ್ನ ಮನಸ್ಸಿಗೆ ತುಂಬ ನಾಟಿತು. ಮಕ್ಕಳಿಗೆ ದೋಸೆ ಇಡ್ಲಿ ಉಣಿಸಿದಳು, ಮದರಾಸಿಗೆ ಅಜ್ಜಿ ತಾತನ ಬಳಿಗೆ ಕರೆತಂದಳು, ಗುಡಿಗೂ ಕರಿಯರ ಚರ್ಚಿಗೂ ಕಳಿಸಿದಳು. ಆದರೆ ಅಮೆರಿಕ ಈ ಮಕ್ಕಳನ್ನು ನೋಡುವುದು ಕರಿಯ ಹುಡುಗಿಯರೆಂದೇ ಎಂದು ಅರಿತು, ಅದಕ್ಕೆ ನಾಚದಂತೆ, ಹೆಮ್ಮೆಯಿಂದ ನಡೆಯುವಂತೆ ಬೆಳೆಸಿದಳು. 'ಅರ್ಧ ನಮ್ಮವಳು' ಎಂದು ಮುಚ್ಚಿಡಲಿಲ್ಲ. ಆಕೆ ತೀರಿಕೊಂಡದ್ದು 2009ರಲ್ಲಿ. ಮಗಳು ಚಿತಾಭಸ್ಮ ತಂದು ಚೆನ್ನೈ ಸಮುದ್ರದಲ್ಲಿ ಬಿಟ್ಟಳು.

ಕಮಲಾ ಹ್ಯಾರಿಸ್ 2021ರಿಂದ 2025ರ ಜನವರಿಯವರೆಗೆ ಅಮೆರಿಕದ ಉಪಾಧ್ಯಕ್ಷೆಯಾಗಿದ್ದರು. 2020ರಲ್ಲಿ ಅವರು ಗೆದ್ದಾಗ ತಾತನ ಊರಾದ ತಮಿಳುನಾಡಿನ ತುಲಸೇಂದ್ರಪುರದಲ್ಲಿ ಹೆಂಗಸರು ರಂಗೋಲಿ ಹಾಕಿ, ಪಟಾಕಿ ಹಚ್ಚಿ "ನಮ್ಮ ಊರ ಮಗಳು" ಎಂದು ಸಂಭ್ರಮಿಸಿದರು. ಒಳ್ಳೆಯದೇ. 1963ರಲ್ಲಿ ಮದುವೆಯ ಸುದ್ದಿ ಬಂದ ದಿನ ಅದೇ ಊರಿನ ಅಂಗಳದಲ್ಲಿ ರಂಗೋಲಿ ಬೀಳುತ್ತಿತ್ತೇ? ನೀವೇ ಯೋಚಿಸಿ.

ಶ್ಯಾಮಲಾ ಮೊದಲಿಗಳೂ ಅಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬಂಗಾಳದ ಮುಸ್ಲಿಂ ವ್ಯಾಪಾರಿಗಳು, ಹಡಗಿನ ಕೂಲಿಗಳು ಅಮೆರಿಕದ ಬಂದರುಗಳಲ್ಲಿ ಇಳಿದು ಅಲ್ಲೇ ಉಳಿದರು. 1917ರ ಕಾನೂನು ನಮ್ಮವರ ವಲಸೆಗೆ ಬಾಗಿಲು ಹಾಕಿತ್ತು. ನ್ಯೂ ಆರ್ಲಿಯನ್ಸ್, ನ್ಯೂಯಾರ್ಕಿನ ಹಾರ್ಲೆಮ್ ಕೇರಿಗಳಲ್ಲಿ ಅವರಿಗೆ ಮನೆ ಕೊಟ್ಟವರು ಕರಿಯರು. ಮದುವೆಯಾದದ್ದೂ ಆ ಮನೆಗಳ ಹೆಣ್ಣುಮಕ್ಕಳನ್ನೇ. ನಮ್ಮ ಗಂಡಸರು ಪರದೇಶದಲ್ಲಿ ಕರಿಯ ಹೆಣ್ಣನ್ನು ಮದುವೆಯಾದಾಗ ಊರಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹೆಣ್ಣುಮಗಳು ಆದರೆ ಮಾತ್ರ ಕುಲಕ್ಕೆ ಕಳಂಕ!

ಬಲವಂತವೂ ಬೇಡ, ಬಹಿಷ್ಕಾರವೂ ಬೇಡ

ಪೂರ್ವ ಆಫ್ರಿಕಾದಲ್ಲಿ ಈ ವಿಷಯ ರಾಜಕೀಯವಾಗಿ ಬೆಂಕಿ ಹತ್ತಿದ್ದೂ ಉಂಟು. ಅಲ್ಲಿಗೆ ಹೋದ ಗುಜರಾತಿಗಳು, ಪಂಜಾಬಿಗಳು ಅಂಗಡಿ ಇಟ್ಟು ಬಾಳಿದರು, ಆದರೆ ಅಲ್ಲಿನವರಿಗೆ ಹೆಣ್ಣು ಕೊಡುತ್ತಿರಲಿಲ್ಲ. ಉಗಾಂಡಾದ ಇದಿ ಅಮೀನ್ 1971ರ ಡಿಸೆಂಬರಿನಲ್ಲಿ ಏಷ್ಯನ್ನರ ಸಭೆ ಕರೆದು, ನೀವು ನಮ್ಮೊಡನೆ ಬೆರೆಯುವುದಿಲ್ಲ ಎಂದು ದೂರಿದ ವಿಷಯಗಳಲ್ಲಿ ಇದೂ ಒಂದು. ಮರುವರ್ಷ ಆಗಸ್ಟಿನಲ್ಲಿ 90 ದಿನಗಳ ಗಡುವು ಕೊಟ್ಟು ಅವರನ್ನೆಲ್ಲ ಓಡಿಸಿದ. ಜಾಂಜಿಬಾರಿನಲ್ಲಿ 1970ರಲ್ಲಿ ಇನ್ನೂ ಕೆಟ್ಟದ್ದು ನಡೆಯಿತು: ಏಷ್ಯಾ ಮೂಲದ ಕೆಲವು ಹುಡುಗಿಯರನ್ನು ಅಧಿಕಾರದಲ್ಲಿದ್ದವರಿಗೆ ಬಲವಂತವಾಗಿ ಮದುವೆ ಮಾಡಿಸಿದರು. ಜನಾಂಗ ಬೆರೆಯಲಿ ಎಂಬ ಹೆಸರಿನಲ್ಲಿ ಹುಡುಗಿಯ ಒಪ್ಪಿಗೆ ಕೇಳದಿದ್ದರೆ ಅದು ಮದುವೆಯಲ್ಲ. ಒಪ್ಪಿದ ಹುಡುಗಿಯನ್ನು ಕೋಣೆಯಲ್ಲಿ ಕೂಡಿಹಾಕಿ ಸೋದರಮಾವನಿಗೆ ಕಟ್ಟುವುದೂ ಅದೇ ಜಾತಿಯ ಪಾಪ.

ನಮ್ಮ ಬೆಂಗಳೂರು ಹೇಗಿದೆ? 2016ರ ಜನವರಿ 31ರಂದು ಸುಡಾನಿನ ಒಬ್ಬನ ಕಾರು ಒಬ್ಬ ಹೆಂಗಸಿಗೆ ಬಡಿದು ಆಕೆ ಸತ್ತಳು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದಾಡಿ ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಬಣ್ಣ ಒಂದೇ, ಅಷ್ಟೇ ಅವಳ ತಪ್ಪು. ಅಳಿಯನ ಬಗ್ಗೆ ಭಯಪಡುವ ತಾಯಿ ಈ ಭಯವನ್ನೂ ಪಡಬೇಕಾಗುತ್ತದೆ: ನನ್ನ ಮಗಳು ಅವನ ಕೈಹಿಡಿದು ನಡೆದರೆ ನಮ್ಮವರೇ ಏನು ಮಾಡಿಯಾರು?

ಮಗಳು ಹೇಳಿಯೇಬಿಟ್ಟರೆ

ಮೊದಲು ಅಳು, ಉಪವಾಸ, "ನಾನು ಬಾವಿಗೆ ಬೀಳ್ತೇನೆ" ಇವನ್ನು ಬದಿಗಿಡಿ. ಇವುಗಳಿಂದ ಮಗಳ ಮನಸ್ಸು ಬದಲಾಗುವುದಿಲ್ಲ, ನಿಮ್ಮ ಹತ್ತಿರ ಹೇಳುವುದನ್ನು ಮಾತ್ರ ನಿಲ್ಲಿಸುತ್ತಾಳೆ. ಹುಡುಗನನ್ನು ಮನೆಗೆ ಕರೆಸಿ, ಊಟ ಹಾಕಿ, ಯಾವ ಹುಡುಗನಿಗೂ ಕೇಳುವುದನ್ನೇ ಕೇಳಿ. ಕೆಲಸವೇನು, ಕುಡಿತ ಉಂಟೇ, ಸಾಲ ಉಂಟೇ, ಮನೆಯವರು ಯಾರು, ಮದುವೆ ಆದ ಮೇಲೆ ಎಲ್ಲಿ ಇರುವುದು, ಮಗಳು ಕೆಲಸ ಮಾಡಬಹುದೇ. ಆಫ್ರಿಕಾದ ಕೆಲವು ದೇಶಗಳಲ್ಲಿ ಸಂಪ್ರದಾಯದ ಪ್ರಕಾರ ಒಂದಕ್ಕಿಂತ ಹೆಚ್ಚು ಹೆಂಡತಿಯರನ್ನು ಕಾನೂನೇ ಒಪ್ಪುತ್ತದೆ. ಆದ್ದರಿಂದ ಊರಲ್ಲಿ ಈಗಾಗಲೇ ಮದುವೆ ಆಗಿದೆಯೇ ಎಂದು ಕೇಳಲೇಬೇಕು, ಅವರ ರಾಯಭಾರ ಕಚೇರಿಯಿಂದ ಅವಿವಾಹಿತನೆಂಬ ಪತ್ರ ತರಿಸಲೇಬೇಕು. ಇದನ್ನು ಕೇಳಿದರೆ ಅವಮಾನವೇನಲ್ಲ. 'ಅಮೆರಿಕದ ಗಂಡು' ಎಂದ ಕೂಡಲೇ ನಮ್ಮದೇ ಜಾತಿಯ ಹುಡುಗನನ್ನು ಏನೂ ಕೇಳದೆ ಹದಿನೈದು ದಿನದಲ್ಲಿ ಮದುವೆ ಮಾಡಿಕೊಟ್ಟು, ಆಮೇಲೆ ಅವನಿಗೆ ಅಲ್ಲಿ ಇನ್ನೊಂದು ಸಂಸಾರ ಇತ್ತೆಂದು ತಿಳಿದು ಕಣ್ಣೀರಿಟ್ಟ ತಂದೆತಾಯಿ ಕಡಿಮೆಯೇ?

ಕಾನೂನಿನ ದಾರಿ ತಿಳಿದಿರಲಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜಾತಿ, ಧರ್ಮ, ದೇಶ ಯಾವುದೂ ಅಡ್ಡಿಯಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟೀಸು ಕೊಡಬೇಕು. ನೋಟೀಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. 30 ದಿನದೊಳಗೆ ಕಾನೂನಿಗೆ ಒಪ್ಪುವ ತಕರಾರು ಬಾರದಿದ್ದರೆ 3 ಜನ ಸಾಕ್ಷಿಗಳ ಮುಂದೆ ಮದುವೆ. 'ಬಣ್ಣ ಬೇರೆ' ಎಂಬುದು ತಕರಾರಲ್ಲ. ನೋಟೀಸು ಕೊಟ್ಟ 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟೀಸು.

ಸಿದ್ದಿ ಹುಡುಗನನ್ನೋ ಹುಡುಗಿಯನ್ನೋ ಮದುವೆಯಾಗುವವರಿಗೂ ಇದೇ ಕಾಯ್ದೆ ಲೇಸು. ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಇನ್ನು, ಮದುವೆಯಾದ ಮಾತ್ರಕ್ಕೆ ಬೇರೆ ಜಾತಿಯ ಹುಡುಗಿಗೆ ಪಂಗಡದ ಮೀಸಲಾತಿ ಬರುವುದಿಲ್ಲ.

ವಿದೇಶಿ ಅಳಿಯನಿಗೆ ಮದುವೆ ನೋಂದಣಿಯಾಗಿ 2 ವರ್ಷ ಸಂಸಾರ ನಡೆದ ಮೇಲೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ ಅರ್ಜಿ ಹಾಕಲು ಬರುತ್ತದೆ. ತಾಯಿ ಭಾರತೀಯಳಾಗಿದ್ದು, ತಂದೆ ಸರಿಯಾದ ವೀಸಾದ ಮೇಲೆ ಇದ್ದರೆ, ಇಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯೇ. ಹೊರದೇಶದಲ್ಲಿ ಹೆತ್ತರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಮಗಳು ಗಂಡನ ಊರಿಗೆ ಹೊರಟರೆ ಪಾಸ್‌ಪೋರ್ಟು ಅವಳ ಕೈಯಲ್ಲೇ ಇರಲಿ, ಅವಳ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡಿರಲಿ. ಇದು ದುಬೈಗೆ ಹೋಗುವ ಮಗಳಿಗೂ ಹೇಳುವ ಮಾತು.

ಮನೆಯಲ್ಲಿ ಭಾಷೆಯನ್ನೂ ಒಂದಿಷ್ಟು ತಿದ್ದಿಕೊಳ್ಳಬೇಕು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಓದಿದ 'ನೀಗ್ರೋ' ಎಂಬ ಪದ ಅವರಿಗೆ ಈಗ ಬೈಗುಳ. 'ಹಬಶಿ', 'ಕಾಫ್ರಿ' ಎನ್ನುವುದೂ ಹಾಗೇ. ದೇಶದ ಹೆಸರು ಹೇಳಿ: ಕೀನ್ಯಾದವರು, ನೈಜೀರಿಯಾದವರು, ಜಮೈಕಾದವರು. ಯಲ್ಲಾಪುರದ ಸಿದ್ದಿಯಾದರೆ ಯಲ್ಲಾಪುರದವರು.

ಕೊನೆಗೆ, ಅಜ್ಜಿಯಾದವರಿಗೆ ಒಂದು ಕೆಲಸದ ಮಾತು. ಮೊಮ್ಮಗಳಿಗೆ ಒತ್ತಾದ ಸುರುಳಿ ಕೂದಲು ಬಂದರೆ ನಮ್ಮ ಸಣ್ಣ ಹಲ್ಲಿನ ಬಾಚಣಿಗೆ ಹಿಡಿದು ಒಣಗಿದ ತಲೆಗೆ ಹಾಕಬೇಡಿ. ಮಗುವಿಗೂ ನೋವು, ಕೂದಲೂ ತುಂಡು. ದಿನಾ ತಲೆಗೆ ಸೋಪು ಬೇಡ, ವಾರಕ್ಕೊಮ್ಮೆ ಸಾಕು. ಒದ್ದೆ ಇರುವಾಗಲೇ ನಾಲ್ಕು ಭಾಗ ಮಾಡಿ, ಕೊಬ್ಬರಿ ಎಣ್ಣೆ ಸವರಿ, ಮೊದಲು ಬೆರಳಿನಿಂದ ಸಿಕ್ಕು ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಬನ್ನಿ. ಸಡಿಲವಾಗಿ ಜಡೆ ಹಾಕಿ ಮಲಗಿಸಿ. ಪೆಟ್ಟಿಗೆಯಲ್ಲಿ ಹರಿದ ರೇಷ್ಮೆ ಸೀರೆ ಇದ್ದರೆ ಜರಿ ಇಲ್ಲದ ಕಡೆ ಕತ್ತರಿಸಿ ದಿಂಬಿಗೆ ಒಂದು ಚೀಲ ಹೊಲಿಯಿರಿ. ಹತ್ತಿ ಬಟ್ಟೆ ಎಣ್ಣೆಯನ್ನೆಲ್ಲ ಹೀರುತ್ತದೆ. ರೇಷ್ಮೆಯ ಮೇಲೆ ಮಲಗಿದರೆ ಬೆಳಗ್ಗೆ ಏಳುವಾಗ ಗಂಟು ಕಡಿಮೆ.